ಅರವತ್ತರ ಗರ್ಲ್ ಗ್ರೂಪ್ ಹಾಡಿನ ಧಾಟಿಯಲ್ಲಿ ಒಂದು ಸರ್ಫ್ ಗಿಟಾರ್ ಟ್ಯೂನ್ ಕಟ್ಟೋದು ಹೇಗೆ

ಸರ್ಫ್ ಗಿಟಾರ್ ಬಗ್ಗೆ ಮಾತಾಡಿದಾಗೆಲ್ಲ ಒಂದೇ ಪ್ರಶ್ನೆ ತಿರುಗಿ ತಿರುಗಿ ಬರತ್ತೆ. "ರಿವರ್ಬ್ ಪೂರ್ತಿ ತಿರುಗಿಸಿದ್ದೀನಿ, ಫಾಸ್ಟಾಗೂ ನುಡಿಸ್ತೀನಿ, ಆದ್ರೂ ಆ ಹಳೇ ಗರ್ಲ್ ಗ್ರೂಪ್ ಹಾಡುಗಳಲ್ಲಿರೋ ಸಿಹಿ, ಆ ಗಂಟಲು ಕಟ್ಟಿದ ಹಾಗಿರೋ ಭಾವ ನನ್ನ ಟ್ಯೂನಲ್ಲಿ ಯಾಕೆ ಬರ್ತಿಲ್ಲ?" ರಿವರ್ಬ್ ಅಂದ್ರೆ ಸದ್ದಿಗೆ ಪ್ರತಿಧ್ವನಿ ಸೇರಿಸೋ ಸೌಲಭ್ಯ. ಇಷ್ಟು ಜನ ಕೇಳಿದ ಮೇಲೆ ಒಂದೇ ಕಡೆ ಪೂರ್ತಿ ಬರೆದುಬಿಡೋಣ ಅಂತ ಕೂತಿದ್ದೀನಿ. ಸಣ್ಣ ಉತ್ತರ ಬೇಕು ಅಂದ್ರೆ ಇಷ್ಟೇ, ನಿಮ್ಮ ಗಿಟಾರ್ ಓಡ್ತಾ ಇದೆ, ಹಾಡ್ತಾ ಇಲ್ಲ. ಉದ್ದ ಉತ್ತರ ಕೆಳಗಿದೆ, ಕೊನೆಗೆ ನಿಮ್ಮ ಕೈಯಲ್ಲಿ ಎರಡು ನಿಮಿಷ ಚಿಲ್ಲರೆಯ ಒಂದು ಸ್ವಂತ ಟ್ಯೂನ್ ಇರಬೇಕು, ಅದು ಗುರಿ.

ಹೊಸಬರಿಗೆ ಎರಡು ಮಾತು. ಸರ್ಫ್ ಗಿಟಾರ್ ಅನ್ನೋದು 1961ರ ಹೊತ್ತಿಗೆ ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾದ ಕಡಲತೀರದಲ್ಲಿ ಹುಟ್ಟಿದ ವಾದ್ಯಸಂಗೀತ, ಹಾಡುಗಾರರಿಲ್ಲ, ಗಿಟಾರೇ ಮುಂದೆ. ಬಾಲ್ಬೋವಾ ಅನ್ನೋ ಕಡೆ ರಾಂಡೆವೂ ಬಾಲ್‌ರೂಮಲ್ಲಿ ಗಿಟಾರ್ ವಾದಕ ಡಿಕ್ ಡೇಲ್ ನುಡಿಸ್ತಿದ್ರೆ ಸರ್ಫಿಂಗ್ ಹುಡುಗರು ತುಂಬಿ ತುಳುಕ್ತಿದ್ರು. ಗರ್ಲ್ ಗ್ರೂಪ್ ಅಂದ್ರೆ ಮೂರ್ನಾಲ್ಕು ಹುಡುಗಿಯರ ತಂಡ, ಒಬ್ಬರು ಮುಂದೆ ನಿಂತು ಹಾಡ್ತಾರೆ, ಉಳಿದವರು ಹಿಂದಿನಿಂದ ಉತ್ತರ ಕೊಡ್ತಾರೆ. ನ್ಯೂಜೆರ್ಸಿಯ ಶಿರೆಲ್ಸ್ ತಂಡ ಒಂದು ಹಾಡಿಂದ 1961ರ ಆರಂಭದಲ್ಲಿ ಅಮೆರಿಕದ ಪಾಪ್ ಪಟ್ಟಿಯ ನೆತ್ತಿಗೇರಿತು, ಆ ಹಾಡು ಬರೆದವರು ಕರೋಲ್ ಕಿಂಗ್ ಮತ್ತು ಜೆರಿ ಗಾಫಿನ್, ಆಗ ಇಬ್ರೂ ಇನ್ನೂ ಇಪ್ಪತ್ತರ ಆಸುಪಾಸಿನವರು. ಆಮೇಲೆ ಕ್ರಿಸ್ಟಲ್ಸ್, ಶಿಫಾನ್ಸ್, ರೋನೆಟ್ಸ್, ಶಾಂಗ್ರಿಲಾಸ್, ಹೀಗೆ ಸಾಲಾಗಿ ಬಂದ್ರು.

ಇವೆರಡೂ ಬೇರೆ ಬೇರೆ ಲೋಕ ಅಂತ ಅನ್ಸತ್ತೆ, ಆದ್ರೆ ಅಷ್ಟು ದೂರ ಇಲ್ಲ. ರೋನೆಟ್ಸ್ ನ್ಯೂಯಾರ್ಕಿನವರು, ಆದ್ರೆ ಅವರ 1963ರ ಪ್ರಸಿದ್ಧ ಹಾಡು ರೆಕಾರ್ಡ್ ಆಗಿದ್ದು ಲಾಸ್ ಏಂಜಲೀಸಿನ ಗೋಲ್ಡ್ ಸ್ಟಾರ್ ಸ್ಟುಡಿಯೋದಲ್ಲಿ, ಅಂದ್ರೆ ಸರ್ಫ್ ಬ್ಯಾಂಡುಗಳು ಕುಣಿಸ್ತಿದ್ದ ಅದೇ ಪ್ರದೇಶದಲ್ಲಿ, ಅದೇ ವರ್ಷಗಳಲ್ಲಿ. ಬೀಚ್ ಬಾಯ್ಸ್‌ನ ಬ್ರಯನ್ ವಿಲ್ಸನ್ ಆ ಹಾಡಿಗೆ ಜೀವನಪೂರ್ತಿ ಮನಸೋತಿದ್ರು, 1963ರಲ್ಲಿ ಹನೀಸ್ ಅನ್ನೋ ಹುಡುಗಿಯರ ತಂಡಕ್ಕೆ ಸರ್ಫ್ ಹಾಡುಗಳನ್ನ ಮಾಡಿಸಿದ್ದೂ ಅವರೇ. ಶಾಂಗ್ರಿಲಾಸ್‌ನ 1964ರ ಮೊದಲ ದೊಡ್ಡ ಹಾಡಲ್ಲಂತೂ ಕಡಲಹಕ್ಕಿಗಳ ಕೂಗೇ ಇದೆ. ಎಲ್ಲಕ್ಕಿಂತ ಮುಖ್ಯವಾಗಿ ಎರಡರ ಜೀವಾಳವೂ ಒಂದೇ, ಸದ್ದು ಎಲ್ಲೋ ದೊಡ್ಡ ಜಾಗದಲ್ಲಿ ಮೊಳಗಿ ವಾಪಸ್ ಬಂದ ಹಾಗಿರೋ ಪ್ರತಿಧ್ವನಿ.

ಬೇಕಾಗಿರೋದು

ಸಿಂಗಲ್ ಕಾಯಿಲ್ ಪಿಕಪ್ ಇರೋ ಎಲೆಕ್ಟ್ರಿಕ್ ಗಿಟಾರ್. ಪಿಕಪ್ ಅಂದ್ರೆ ತಂತಿ ಕೆಳಗಿರೋ ಆಯಸ್ಕಾಂತದ ಪಟ್ಟಿ, ಸಿಂಗಲ್ ಕಾಯಿಲ್ ಅಂದ್ರೆ ಅದರಲ್ಲಿ ಒಂದೇ ಸುರುಳಿ ಇರೋದು, ಸದ್ದು ತೆಳ್ಳಗೆ ಹರಿತವಾಗಿ ಬರತ್ತೆ. ಸ್ಟ್ರಾಟೊಕ್ಯಾಸ್ಟರ್, ಜಾಝ್‌ಮಾಸ್ಟರ್, ಜಾಗ್ವಾರ್ ಮಾದರಿಯ ಯಾವುದಾದ್ರೂ ನಡೆಯತ್ತೆ, ದುಬಾರಿದೇ ಆಗ್ಬೇಕಂತಿಲ್ಲ. ಒಂದು ವಿಬ್ರಾಟೋ ಕಡ್ಡಿ ಇರಲಿ, ಅಂದ್ರೆ ಸೇತುವೆ (ತಂತಿಗಳ ಕೆಳತುದಿ ಕೂರೋ ಲೋಹದ ಪಟ್ಟಿ) ಹತ್ರ ಸಿಕ್ಕಿಸೋ, ಒತ್ತಿದ್ರೆ ಸ್ವರ ಇಳಿಯೋ ಆ ಸರಳು. ಇಲ್ಲಿ ಒಂದು ಗೊಂದಲ ಎಲ್ಲರಿಗೂ ಆಗತ್ತೆ. ಫೆಂಡರ್ ಕಂಪನಿ ಈ ಕಡ್ಡಿಗೆ ಟ್ರೆಮೊಲೋ ಅಂತ ಹೆಸರಿಡ್ತು, ಆಂಪ್ಲಿಫೈಯರಲ್ಲಿ ಸದ್ದು ಏರಿಳಿಸೋ ಸೌಲಭ್ಯಕ್ಕೆ ವಿಬ್ರಾಟೋ ಅಂತ ಹೆಸರಿಡ್ತು, ಎರಡೂ ಉಲ್ಟಾ. ವಿಬ್ರಾಟೋ ಅಂದ್ರೆ ಸ್ವರ ಅಲುಗೋದು, ಟ್ರೆಮೊಲೋ ಅಂದ್ರೆ ಸದ್ದಿನ ಜೋರು ಅಲುಗೋದು. ಅಂಗಡೀಲಿ ಕೇಳುವಾಗ ಇದು ನೆನಪಿರಲಿ.

ತಂತಿ ದಪ್ಪ ಇರಲಿ, 11ರ ಸೆಟ್ಟಿಂದ, ಅಂದ್ರೆ ಅತಿ ತೆಳು ತಂತಿ 0.011 ಇಂಚು ದಪ್ಪ ಇರೋದ್ರಿಂದ, ಶುರು ಮಾಡಿ. ಡಿಕ್ ಡೇಲ್ ಇದಕ್ಕಿಂತ ತುಂಬಾ ದಪ್ಪದ ತಂತಿ ಹಾಕ್ತಿದ್ರು, ಅದು ನಮಗೆ ಬೇಡ. ಆದ್ರೆ ಜೋಪಾನ, 9ರ ತಂತಿ ಬಿಚ್ಚಿ ಸೀದಾ 11 ಹಾಕಿದ್ರೆ ಎಳೆತ ಜಾಸ್ತಿಯಾಗಿ ಸ್ಟ್ರಾಟ್ ಮಾದರಿ ಗಿಟಾರಲ್ಲಿ ಸೇತುವೆ ಮುಂದಕ್ಕೆ ಬಾಗಿ ನಿಲ್ಲತ್ತೆ, ಶ್ರುತಿನೇ ನಿಲ್ಲಲ್ಲ. ಹಿಂಬದಿ ಮುಚ್ಚಳ ತೆಗೆದು ಸ್ಪ್ರಿಂಗ್ ಬಿಗಿ ಮಾಡ್ಬೇಕು, ಇಲ್ಲ ಇನ್ನೊಂದು ಸ್ಪ್ರಿಂಗ್ ಸೇರಿಸ್ಬೇಕು. ಗೊತ್ತಿಲ್ದಿದ್ರೆ ರಿಪೇರಿಯವರ ಹತ್ರ ಮಾಡಿಸಿ. ಪಿಕ್ 1 ಮಿಲಿಮೀಟರ್ ಅಥವಾ ಅದಕ್ಕಿಂತ ದಪ್ಪ. ಆಮೇಲೆ ಸ್ಪ್ರಿಂಗ್ ರಿವರ್ಬ್, ಅದರ ಕತೆ ಮುಂದೆ ಬರತ್ತೆ. ಸದ್ದನ್ನ ಒರಟು ಮಾಡೋ ಡಿಸ್ಟಾರ್ಷನ್ ಪೆಡಲ್ ಇದ್ರೆ ಪಕ್ಕಕ್ಕಿಡಿ, ಇವತ್ತು ಅದಕ್ಕೆ ಕೆಲಸ ಇಲ್ಲ.

1. ಮೊದಲು ಬಾಯಲ್ಲಿ ಹಾಡಿ

ಇದನ್ನ ಓದಿ ಬಹಳ ಜನ ಮುಂದಿನ ಹಂತಕ್ಕೆ ಹಾರ್ತಾರೆ, ದಯವಿಟ್ಟು ಹಾರಬೇಡಿ, ಇಡೀ ಕೆಲಸ ಇರೋದೇ ಇಲ್ಲಿ. ಗಿಟಾರ್ ಕೈಯಲ್ಲಿದ್ರೆ ಬೆರಳು ಅದಕ್ಕೆ ಅಭ್ಯಾಸ ಇರೋ ಕಡೆಗೇ ಹೋಗತ್ತೆ, ಪೆಂಟಾಟಾನಿಕ್, ಅಂದ್ರೆ ಐದು ಸ್ವರದ, ಪೆಟ್ಟಿಗೆ ಒಳಗೆ ಸುತ್ತತ್ತೆ, ಆಗ ಬರೋದು ಬ್ಲೂಸ್ ಲಿಕ್ಕು, ಅಂದ್ರೆ ರೂಢಿಯ ಸಣ್ಣ ತುಣುಕು. ಗರ್ಲ್ ಗ್ರೂಪ್ ಮೆಲೊಡಿ ಹುಟ್ಟೋದು ಗಂಟಲಲ್ಲಿ.

ಹಾಗಾಗಿ ಮೊದಲು ಕೇಳಿ. ರೋನೆಟ್ಸ್‌ನ ಆ 1963ರ ಹಾಡು, ಬಿ ಮೈ ಬೇಬಿ, ಹಾಕ್ಕೊಂಡು ಮುಖ್ಯ ಗಾಯಕಿ ರಾನಿ ಎಲ್ಲಿ ಉಸಿರು ತಗೊಳ್ತಾರೆ ಅಂತ ಮಾತ್ರ ಗಮನಿಸಿ. ಸಾಹಿತ್ಯ ಬಿಡಿ, ಕಾರ್ಡ್ (ಒಟ್ಟಿಗೆ ನುಡಿಯೋ ಸ್ವರಗಳ ಗುಂಪು) ಬಿಡಿ, ಉಸಿರು ಮಾತ್ರ. ಸಾಲು ಚಿಕ್ಕದು, ಆಮೇಲೆ ಜಾಗ, ಆ ಜಾಗದಲ್ಲಿ ಹಿಂದಿನವರ ಉತ್ತರ. ಉದ್ದ ಸ್ವರದ ಕೊನೇಲಿ ದನಿ ಅಗಲವಾಗಿ ಅಲುಗತ್ತೆ, ಆದ್ರೆ ಸ್ವರದ ಶುರುವಲ್ಲಿ ಅಲುಗಲ್ಲ, ಮೊದಲು ನೆಟ್ಟಗೆ ನಿಂತು ಆಮೇಲೆ ನಡುಗತ್ತೆ. ಈ ಒಂದು ವಿಷಯ ನೀವು ಗಿಟಾರಿಗೆ ತಂದ್ರೆ ಅರ್ಧ ದಾರಿ ಮುಗೀತು.

ಈಗ ಫೋನಲ್ಲಿ ರೆಕಾರ್ಡರ್ ಆನ್ ಮಾಡಿ, ಕಾರ್ಡ್ ಮೆಲ್ಲಗೆ ಬಾರಿಸ್ತಾ "ಲಾ ಲಾ" ಅಂತ ಗುನುಗಿ. ಒಂದೇ ಉಸಿರಲ್ಲಿ ಹಾಡೋಕೆ ಆಗದ ಸಾಲು ಬಂದ್ರೆ ಅದನ್ನ ತುಂಡು ಮಾಡಿ. ನಿಮ್ಮ ದನಿ ಚೆನ್ನಾಗಿಲ್ಲ ಅನ್ನೋದು ಇಲ್ಲಿ ಲೆಕ್ಕಕ್ಕೇ ಬರಲ್ಲ, ಯಾರಿಗೂ ಕೇಳಿಸ್ಬೇಕಾಗಿಲ್ಲ.

2. ಎರಡು ಕಾರ್ಡ್ ಸಾಲು ಕಲಿತ್ಕೊಳ್ಳಿ

ಗರ್ಲ್ ಗ್ರೂಪ್ ಕಡೆಯಿಂದ ಒಂದು ಸಾಲು ತಗೊಳೋಣ, ಸಿ, ಎ ಮೈನರ್, ಎಫ್, ಜಿ. ಐವತ್ತರ ದಶಕದ ಡೂ ವಾಪ್ ಗುಂಪುಗಾಯನದ ಕಾಲದಿಂದ ಸಾವಿರಾರು ಪ್ರೇಮಗೀತೆ ಹೊತ್ತ ಸಾಲು ಇದು. ಸರ್ಫ್ ಕಡೆಯಿಂದ ಇನ್ನೊಂದು, ಎ ಮೈನರ್, ಜಿ, ಎಫ್, ಇ. ಮೆಟ್ಟಿಲಿಳಿದ ಹಾಗೆ ಇಳಿಯೋ ಸಾಲು, ಸ್ಪೇನಿನ ಫ್ಲಮೆಂಕೋ ಸಂಗೀತದ ಗುರುತು, ಸರ್ಫ್ ಬ್ಯಾಂಡುಗಳಿಗೂ ತುಂಬಾ ಇಷ್ಟ.

ಇವೆರಡನ್ನೇ ಯಾಕೆ ಆರಿಸಿದೆ ಅಂದ್ರೆ ಎರಡೂ ಒಂದೇ ಸ್ವರಗಳ ಮನೆಯಿಂದ ಬಂದಿವೆ. ಕರ್ನಾಟಕ ಸಂಗೀತ ಸ್ವಲ್ಪ ಕಲಿತವರಿಗೆ ಇದು ತಕ್ಷಣ ಹತ್ತತ್ತೆ, ಸಿ ಮೇಲೆ ಶಂಕರಾಭರಣ ಇಟ್ಕೊಂಡು ಅದರ ಧೈವತವನ್ನೇ ಷಡ್ಜ ಮಾಡಿದ್ರೆ ನಠಭೈರವಿ ಬರತ್ತಲ್ಲ, ಗ್ರಹಭೇದ, ಅದೇ ಇಲ್ಲಿ ಸಿ ಮೇಜರಿಂದ ಎ ಮೈನರಿಗೆ ಹೋಗೋದು. ಕೊನೇ ಇ ಕಾರ್ಡಲ್ಲಿ ಮಾತ್ರ ಜಿ ಶಾರ್ಪ್ ಬರತ್ತೆ, ಆ ಕ್ಷಣಕ್ಕೆ ಕೀರವಾಣಿ ಇಣುಕಿ ಹೋದ ಹಾಗೆ. ಅಂದ ಹಾಗೆ ಡಿಕ್ ಡೇಲ್ 1962ರಲ್ಲಿ ಜಗತ್ಪ್ರಸಿದ್ಧ ಮಾಡಿದ ಮಿಸಿರ್ಲೂ ಇದೆಯಲ್ಲ, ಪೂರ್ವ ಮೆಡಿಟರೇನಿಯನ್ ಕಡೆಯ ಹಳೇ ಟ್ಯೂನ್, ಅದರ ಸ್ವರಗಳು ನಮ್ಮ ಮಾಯಾಮಾಳವಗೌಳದವೇ. ಡೇಲ್ ಅವರ ತಂದೆ ಕಡೆಯವರು ಲೆಬನಾನ್ ಮೂಲದವರು, ಮನೇಲಿ ಔದ್ ವಾದ್ಯ ಕೇಳಿ ಬೆಳೆದವರು. ಸರಳೆ ವರಸೆ ಕಲಿತು ಬಿಟ್ಟವರು ಸರ್ಫ್ ಕೇಳಿ "ಇದೆಲ್ಲೋ ಗೊತ್ತಿರೋ ಹಾಗಿದೆ" ಅಂತ ಹೇಳೋದಕ್ಕೆ ಕಾರಣ ಇದೇ.

ನಮ್ಮ ಟ್ಯೂನಲ್ಲಿ ವರ್ಸ್, ಅಂದ್ರೆ ಚರಣದ ಭಾಗ, ಇಳಿಯೋ ಸಾಲಲ್ಲಿ ಇರತ್ತೆ, ಕೋರಸ್ ಅಂದ್ರೆ ಪಲ್ಲವಿ ಥರ ಮತ್ತೆ ಮತ್ತೆ ಬರೋ ಭಾಗ ಸಿಹಿ ಸಾಲಲ್ಲಿ ಇರತ್ತೆ. ಕತ್ತಲೆಯಿಂದ ಬೆಳಕಿಗೆ ಬಂದ ಹಾಗೆ ಆಗತ್ತೆ.

3. ಕೋರಸ್ ಮೆಲೊಡಿ, ಒಂದೇ ತಂತಿ ಮೇಲೆ

ಒಂದು ಉದಾಹರಣೆ ಕೊಡ್ತೀನಿ, ಇದನ್ನೇ ನುಡಿಸಿ ನೋಡಿ, ಕೈಗೆ ಬಂದ ಮೇಲೆ ನಿಮ್ಮದು ಮಾಡ್ಕೊಳ್ಳಿ. ಸಿ ಅನ್ನ ಷಡ್ಜ ಅಂತ ಇಟ್ಕೊಂಡ್ರೆ,

ಸಿ ಕಾರ್ಡ್ ಮೇಲೆ: ಗ ಗ ರಿ ಗ ಪ
ಎ ಮೈನರ್ ಮೇಲೆ: ಗ, ಪೂರ್ತಿ ಬಾರ್ ನಿಲ್ಲಿಸಿ
ಎಫ್ ಮೇಲೆ: ಮ ಮ ಗ ಮ ದ
ಜಿ ಮೇಲೆ: ಪ, ಪೂರ್ತಿ ಬಾರ್ ನಿಲ್ಲಿಸಿ

ಬಾರ್ ಅಂದ್ರೆ ನಾಲ್ಕು ಎಣಿಕೆಯ ಒಂದು ಆವರ್ತ. ಇದನ್ನ ಪೂರ್ತಿ ಎರಡನೇ ತಂತಿ ಮೇಲೆ ನುಡಿಸಿ, ಫ್ರೆಟ್‌ಗಳು (ಗಿಟಾರ್ ಕತ್ತಿನ ಮೇಲಿನ ಲೋಹದ ಅಡ್ಡಗೆರೆಗಳು) 5 5 3 5 8, ಆಮೇಲೆ 5, ಆಮೇಲೆ 6 6 5 6 10, ಕೊನೆಗೆ 8. ಮೊದಲ ತಂತಿಗೆ ದಾಟಿದ್ರೆ ಕೈ ಓಡಾಟ ಕಮ್ಮಿ ಆಗತ್ತೆ, ನಿಜ, ಆದ್ರೂ ದಾಟಬೇಡಿ. ತಂತಿ ಬದಲಾದ್ರೆ ದನಿ ಬದಲಾಗತ್ತೆ, ಒಬ್ಬರು ಹಾಡ್ತಾ ಇದ್ದಾಗ ಮಧ್ಯದಲ್ಲಿ ಇನ್ನೊಬ್ಬರು ಬಾಯಿ ಹಾಕಿದ ಹಾಗೆ ಕೇಳತ್ತೆ. ಒಂದೇ ತಂತಿ ಅಂದ್ರೆ ಒಂದೇ ಗಂಟಲು. 6ರಿಂದ 10ಕ್ಕೆ ಹೋಗೋವಾಗ ಬೆರಳು ಎತ್ತದೆ ಜಾರಿಸಿ, ಅಲ್ಲಿ ಒಂದು ಆಸೆ ಕೇಳಿಸತ್ತೆ, ಎಟುಕದ ಸ್ವರಕ್ಕೆ ಹಾಡುಗಾರ್ತಿ ಕೈ ಚಾಚಿದ ಹಾಗೆ.

ಎಚ್ಚರಿಕೆ ಎರಡು. ಒಂದು, ನಮ್ಮ ಕಡೆ ಸಂಗೀತ ಕಲಿತವರು ಪ್ರತಿ ಸ್ವರಕ್ಕೂ ಗಮಕ ಹಾಕಿಬಿಡ್ತಾರೆ, ಕೈ ತಾನಾಗೇ ಹೋಗತ್ತೆ. ಇಲ್ಲಿ ಒಂದು ಸಾಲಿಗೆ ಒಂದು ಜಾರು ಸಾಕು, ಉಳಿದ ಸ್ವರ ನೆಟ್ಟಗಿರಲಿ. ಎರಡು, ಉದ್ದ ಸ್ವರದಲ್ಲಿ ವಿಬ್ರಾಟೋ ಕಡ್ಡಿ ತಕ್ಷಣ ಮುಟ್ಟಬೇಡಿ. ಸ್ವರ ನುಡಿಸಿ, ಮನಸಲ್ಲಿ ಎರಡು ಎಣಿಸಿ, ಆಮೇಲೆ ಮೂರು ನಾಲ್ಕು ಎಣಿಕೆಯಲ್ಲಿ ಮೆತ್ತಗೆ ಅಲುಗಿಸಿ. ಕಡ್ಡಿಯನ್ನ ಹಿಡ್ಕೊಂಡು ಒತ್ತಬೇಡಿ, ಅಂಗೈ ಕೆಳಗಿಟ್ಟು ಉಸಿರಾಡಿದ ಹಾಗೆ ಭಾರ ಬಿಟ್ಟು ತಗೊಳ್ಳಿ. ಮೊದಲು ಹೇಳಿದ ರಾನಿಯ ನಡುಗು ದನಿ ಇದೇ.

ಪಿಕಪ್ ಸ್ವಿಚ್ ಈ ಭಾಗದಲ್ಲಿ ಮಧ್ಯಕ್ಕೋ ಕತ್ತಿನ ಕಡೆಗೋ ಇರಲಿ, ದುಂಡು ದನಿ ಬೇಕು.

4. ವರ್ಸ್‌ಗೆ ಅಲೆ

ಈಗ ಸರ್ಫ್. ಆರನೇ ತಂತಿ, ಅಂದ್ರೆ ಎಲ್ಲಕ್ಕಿಂತ ದಪ್ಪದ್ದು. ಫ್ರೆಟ್ 5, 3, 1, ಆಮೇಲೆ ಖಾಲಿ ತಂತಿ, ಒಂದೊಂದು ಎರಡು ಬಾರ್. ಅದು ಎ, ಜಿ, ಎಫ್, ಇ. ಪಿಕಪ್ ಸ್ವಿಚ್ ಸೇತುವೆ ಕಡೆಗೆ ಹಾಕಿ.

ಇದನ್ನ ಡಬಲ್ ಪಿಕಿಂಗಲ್ಲಿ ನುಡಿಸಬೇಕು, ಅಂದ್ರೆ ಪಿಕ್ ಒಮ್ಮೆ ಕೆಳಗೆ ಒಮ್ಮೆ ಮೇಲೆ, ತಪ್ಪದ ಹಾಗೆ, ಒಂದೇ ಸ್ವರ ಮತ್ತೆ ಮತ್ತೆ. ಅಭ್ಯಾಸ ಮಾಡೋ ದಾರಿ ನಿಮಗೆ ಆಗಲೇ ಗೊತ್ತಿರಬಹುದು, ಸರಳೆ ಥರ ಮೂರು ಕಾಲದಲ್ಲಿ. ಒಂದನೇ ಕಾಲದಲ್ಲಿ ಎಣಿಕೆಗೆ ಒಂದು, ಎರಡನೇ ಕಾಲದಲ್ಲಿ ಎರಡು, ಮೂರನೇ ಕಾಲದಲ್ಲಿ ನಾಲ್ಕು. ಮೆಟ್ರೊನೋಮ್, ಅಂದ್ರೆ ಟಿಕ್ ಟಿಕ್ ಅಂತ ಲಯ ಹಿಡಿಯೋ ಆ್ಯಪ್, ಅದನ್ನ 80ಕ್ಕಿಟ್ಟು ಶುರು ಮಾಡಿ ದಿನಾ ಸ್ವಲ್ಪ ಏರಿಸಿ 132ರ ತನಕ ತನ್ನಿ. ನಮ್ಮ ಟ್ಯೂನಿನ ವೇಗ 132, ಅಂದ್ರೆ ನಿಮಿಷಕ್ಕೆ 132 ಎಣಿಕೆ. ಆ ವೇಗದಲ್ಲಿ ಮೂರನೇ ಕಾಲ ಅಂದ್ರೆ ಸೆಕೆಂಡಿಗೆ ಒಂಬತ್ತು ಏಟಿನ ಹತ್ತಿರ, ಎಲ್ಲರಿಗೂ ಮೊದಲ ವಾರಕ್ಕೆ ಬರಲ್ಲ. ಹಾಗಾಗಿ ವರ್ಸ್ ಪೂರ್ತಿ ಎರಡನೇ ಕಾಲದಲ್ಲಿ ನುಡಿಸಿ, ಪ್ರತಿ ಸುತ್ತಿನ ಕೊನೇ ಎರಡು ಬಾರಲ್ಲಿ ಮಾತ್ರ ಮೂರನೇ ಕಾಲಕ್ಕೆ ಹೋಗಿ, ಅಲೆ ಎದ್ದು ಮುರಿದ ಹಾಗೆ ಕೇಳತ್ತೆ, ಪೂರ್ತಿ ವೇಗದಲ್ಲಿ ಓಡಿಸೋದಕ್ಕಿಂತ ಇದೇ ಚೆಂದ ಅಂತ ನನ್ನ ಅಭಿಪ್ರಾಯ.

ಇಲ್ಲಿ ಎಲ್ಲರೂ ಮಾಡೋ ತಪ್ಪು ಮೊಣಕೈಯಿಂದ ಬಾರಿಸೋದು. ತೋಳು ಕಲ್ಲಾಗತ್ತೆ, ಹತ್ತು ಸೆಕೆಂಡಿಗೆ ನೋವು ಶುರು. ಮಣಿಕಟ್ಟಿಂದ ಬರಲಿ, ಬಾಗಿಲ ಚಿಲಕ ಅಲ್ಲಾಡಿಸಿದಷ್ಟೇ ಅಳತೆ. ನೋವು ಬಂದ ತಕ್ಷಣ ನಿಲ್ಲಿಸಿ, ನೋವಲ್ಲೇ ಅಭ್ಯಾಸ ಮಾಡಿ ತಿಂಗಳುಗಟ್ಟಲೆ ಗಿಟಾರ್ ಮುಟ್ಟೋಕಾಗದವರನ್ನ ನೋಡಿದ್ದೀನಿ.

ಅಂಗೈ ಅಂಚನ್ನ ಸೇತುವೆ ಹತ್ರ ತಂತಿ ಮೇಲೆ ಹಗುರವಾಗಿ ಇಟ್ಟು ನುಡಿಸಿ, ಇದಕ್ಕೆ ಪಾಮ್ ಮ್ಯೂಟ್ ಅಂತಾರೆ. ರಿವರ್ಬ್ ಸೇರಿದಾಗ ಇದರ ಬೆಲೆ ಗೊತ್ತಾಗತ್ತೆ.

ಇನ್ನೊಂದು, ವರ್ಸಿಂದ ಕೋರಸಿಗೆ ಹೋಗೋ ಕೊನೇ ಸುತ್ತಲ್ಲಿ ಇ ಬದಲು ಜಿ ಹಾಕಿ, ಅಂದ್ರೆ ಫ್ರೆಟ್ 5, 3, 1, 3. ಇ ಕಾರ್ಡ್ ಮತ್ತೆ ಎ ಮೈನರಿಗೇ ಎಳೆಯತ್ತೆ, ಜಿ ಆದ್ರೆ ಸಿಗೆ ಬಾಗಿಲು ತೆಗೆಯತ್ತೆ.

5. ಡ್ರಮ್ ಮತ್ತು ಬೇಸ್

ಡ್ರಮ್ ಬಾರಿಸೋರು ಇಲ್ಲದಿದ್ರೆ ಫೋನ್ ಆ್ಯಪಲ್ಲೋ ಕಂಪ್ಯೂಟರಲ್ಲೋ ಮಾಡಿ. ಎರಡು ನಡೆ ಬೇಕು.

ವರ್ಸ್‌ಗೆ ಸರ್ಫ್ ನಡೆ, "ದುಮ್, ಟಕಟಕ, ದುಮ್, ಟಕ್". ಒಂದು ಮತ್ತು ಮೂರಕ್ಕೆ ಕಿಕ್ ಅಂದ್ರೆ ಕಾಲಲ್ಲಿ ಹೊಡೆಯೋ ದೊಡ್ಡ ಡ್ರಮ್, ಎರಡಕ್ಕೆ ಸ್ನೇರ್ ಎರಡು ಸಲ, ನಾಲ್ಕಕ್ಕೆ ಒಂದು ಸಲ. ಸ್ನೇರ್ ಅಂದ್ರೆ ಕೆಳಗೆ ತಂತಿ ಕಟ್ಟಿರೋ, ಚಟ್ ಅನ್ನೋ ಡ್ರಮ್.

ಕೋರಸ್‌ಗೆ ಡ್ರಮ್ಮರ್ ಹ್ಯಾಲ್ ಬ್ಲೇನ್ ಅವರ ನಡೆ. ಬಿ ಮೈ ಬೇಬಿ ಶುರುವಾಗೋದೇ ಇದರಿಂದ, "ದುಮ್, ದು-ದುಮ್, ಟಾಕ್". ಕಿಕ್ ಒಂದಕ್ಕೆ, ಎರಡೂವರೆಗೆ, ಮೂರಕ್ಕೆ, ಸ್ನೇರ್ ನಾಲ್ಕಕ್ಕೆ ಮಾತ್ರ. ಎರಡನೇ ಎಣಿಕೆಯಲ್ಲಿ ಇರಬೇಕಾದ ಸ್ನೇರ್ ಇಲ್ಲ, ಕೋಲು ಜಾರಿ ತಪ್ಪಿಹೋಯ್ತು, ಅದನ್ನೇ ಮುಂದುವರಿಸಿದೆ ಅಂತ ಬ್ಲೇನ್ ಅವರೇ ಹೇಳ್ಕೊಂಡಿದ್ದಾರೆ. ಆ ಖಾಲಿ ಜಾಗಕ್ಕೇ ನಮ್ಮ ಮನಸು ವಾಲತ್ತೆ. ಹಾಗಾಗಿ ಆ ಜಾಗ ತುಂಬಬೇಡಿ, ಆ್ಯಪ್ ತಾನಾಗೇ ಹೈಹ್ಯಾಟ್, ಅಂದ್ರೆ ಜೋಡಿ ತಾಳದ ಚಿಕ್ ಚಿಕ್ ಸದ್ದು, ಸೇರಿಸಿದ್ರೆ ಅಳಿಸಿ. ನಾಲ್ಕನೇ ಎಣಿಕೆಗೆ ಟಾಂಬುರಿನ್ ಸೇರಿಸಿ, ಚಪ್ಪಾಳೆ ಸೇರಿಸಿ. ಮೂಲ ಹಾಡಲ್ಲಿ ಕ್ಯಾಸ್ಟನೆಟ್ ಕೂಡ ಇದೆ, ದಾಸರ ಕೈಯ ಚಿಟಿಕೆ ಥರ ಕಟಕಟ ಅನ್ನೋ ಮರದ ಸದ್ದು.

ಬೇಸ್ ಗಿಟಾರ್ ಪಿಕ್‌ನಿಂದ ನುಡಿಸಿ, ಆ ಕಾಲದ ಲಾಸ್ ಏಂಜಲೀಸ್ ಸ್ಟುಡಿಯೋಗಳಲ್ಲಿ ದುಡಿದ ಕರೋಲ್ ಕೇ ಕೂಡ ಪಿಕ್ಕೇ ಹಿಡಿದವರು. ಕಾರ್ಡಿನ ಮೂಲ ಸ್ವರ ಸಾಕು, ಅಲಂಕಾರ ಬೇಡ.

6. ಹಿಂದೆ ನಿಂತವರ ದನಿ

ಹಾಡುಗಾರ್ತಿ ಒಬ್ಬರೇ ಆದ್ರೆ ಅದು ಗರ್ಲ್ ಗ್ರೂಪ್ ಅಲ್ಲ. ಹಿಂದೆ ನಿಂತು "ಶಾ ಲಾ ಲಾ" ಅನ್ನೋ ಗೆಳತಿಯರು ಬೇಕು, ಆಕೆ ಹೇಳಿದ್ದನ್ನ ಒಪ್ಪೋರು, ಸಮಾಧಾನ ಮಾಡೋರು, ಕೆಲವೊಮ್ಮೆ ಪ್ರಶ್ನೆ ಕೇಳೋರು. ಎರಡನೇ ಗಿಟಾರ್ ಆ ಕೆಲಸ ಮಾಡತ್ತೆ.

ನಮ್ಮ ಕೋರಸಲ್ಲಿ ಎರಡನೇ ಮತ್ತು ನಾಲ್ಕನೇ ಬಾರಲ್ಲಿ ಮೆಲೊಡಿ ನಿಂತಿರತ್ತಲ್ಲ, ಅಲ್ಲಿ ಉತ್ತರ ಬರಲಿ. ಎ ಮೈನರ್ ಮೇಲೆ ದ ಸ ದ, ಮೂರನೇ ತಂತಿ ಫ್ರೆಟ್ 2 5 2. ಜಿ ಮೇಲೆ ಪ ನಿ ರಿ, ಅದೇ ತಂತಿ ಖಾಲಿ, 4, 7. ಮೊದಲ ಉತ್ತರ ಏರಿ ಇಳಿಯತ್ತೆ, ಎರಡನೇದು ಏರಿ ಅಲ್ಲೇ ನಿಲ್ಲತ್ತೆ, "ಆಮೇಲೆ?" ಅಂತ ಕೇಳಿದ ಹಾಗೆ. ಸದ್ದು ಮುಖ್ಯ ಗಿಟಾರಿಗಿಂತ ಅರ್ಧ, ರಿವರ್ಬ್ ಅದಕ್ಕಿಂತ ಜಾಸ್ತಿ, ಆಗ ಹಿಂದೆ ನಿಂತವರ ದೂರ ಗೊತ್ತಾಗತ್ತೆ. ಆರ್ಗನ್ ಅಥವಾ ಕೀಬೋರ್ಡ್ ಇದ್ರೆ ಅದರಲ್ಲೂ ಆಗತ್ತೆ.

ತಪ್ಪು ಮಾಡೋದು ಎಲ್ಲಿ ಅಂದ್ರೆ, ಉತ್ತರ ಚೆನ್ನಾಗಿದೆ ಅಂತ ಒಂದನೇ ಮೂರನೇ ಬಾರಲ್ಲೂ ನುಡಿಸಿಬಿಡೋದು. ಇಬ್ರೂ ಒಟ್ಟಿಗೆ ಮಾತಾಡಿದ್ರೆ ಇಬ್ಬರದ್ದೂ ಕೇಳಲ್ಲ.

7. ರಿವರ್ಬ್, ಸ್ವಲ್ಪ ವಿವರವಾಗಿ

ಸ್ಪ್ರಿಂಗ್ ರಿವರ್ಬ್ ಅಂದ್ರೆ ಒಂದು ಉದ್ದ ಡಬ್ಬಿಯೊಳಗೆ ತೆಳು ಸ್ಪ್ರಿಂಗ್‌ಗಳು. ಗಿಟಾರ್ ಸಿಗ್ನಲ್ ಒಂದು ತುದಿಯನ್ನ ಅಲುಗಿಸತ್ತೆ, ಕಂಪನ ಸ್ಪ್ರಿಂಗಲ್ಲಿ ಹೋಗಿ ಬಂದು ಇನ್ನೊಂದು ತುದಿಯಲ್ಲಿ ಮತ್ತೆ ಸಿಗ್ನಲ್ ಆಗತ್ತೆ. 1961ರಲ್ಲಿ ಫೆಂಡರ್ ಇದನ್ನ ಪ್ರತ್ಯೇಕ ಪೆಟ್ಟಿಗೆಯಾಗಿ ಮಾರೋಕೆ ಶುರು ಮಾಡ್ತು, ಸರ್ಫ್ ಸಂಗೀತದ ಸದ್ದು ಅಲ್ಲಿಂದ ಒದ್ದೆಯಾಯ್ತು ಅಂತ ಹೇಳಬಹುದು. ಆ ಪೆಟ್ಟಿಗೆಯಲ್ಲಿ ಮೂರೇ ಗುಂಡಿ. ಡ್ವೆಲ್ ಅಂದ್ರೆ ಸ್ಪ್ರಿಂಗನ್ನ ಎಷ್ಟು ಜೋರಾಗಿ ಅಲುಗಿಸಬೇಕು ಅನ್ನೋದು. ಮಿಕ್ಸರ್ ಅಂದ್ರೆ ಮೂಲ ಸದ್ದಿಗೆ ಎಷ್ಟು ರಿವರ್ಬ್ ಬೆರೆಸಬೇಕು ಅನ್ನೋದು. ಟೋನ್ ಅಂದ್ರೆ ಆ ರಿವರ್ಬ್ ಎಷ್ಟು ಹೊಳಪಾಗಿರಬೇಕು ಅನ್ನೋದು.

ಈಗಿನ ಪೆಡಲ್‌ಗಳಲ್ಲೂ ಕಂಪ್ಯೂಟರ್ ಪ್ಲಗಿನ್‌ಗಳಲ್ಲೂ ಇದರ ನಕಲು ಸಿಗತ್ತೆ, ಅದು ಸಾಕು. ಸ್ಪ್ರಿಂಗ್ ಅಂತ ಬರೆದಿರೋ ಸೆಟ್ಟಿಂಗನ್ನೇ ಹಾಕಿ. ಹಾಲ್, ಶಿಮ್ಮರ್ ಅಂತ ಇರೋದು ದೇವಸ್ಥಾನದ ಗರ್ಭಗುಡಿ ಥರ ಮೊಳಗತ್ತೆ, ಈ ಸಂಗೀತಕ್ಕೆ ಹೊಂದಲ್ಲ. ಡಿಲೇ ಪೆಡಲ್ ಬೇರೆ, ಅದು ಸ್ವರವನ್ನ ಬಿಡಿ ಬಿಡಿಯಾಗಿ ಮತ್ತೆ ಹೇಳತ್ತೆ. ಇಂಗ್ಲೆಂಡಿನ ಶ್ಯಾಡೋಸ್ ತಂಡದ ಹ್ಯಾಂಕ್ ಮಾರ್ವಿನ್ ಅವರ ಸೊಬಗು ಆ ಥರದ ಎಕೋ ಯಂತ್ರದ್ದು, ಅದೂ ಬಹಳ ಚೆಂದ, ಆದ್ರೆ ಬೇರೆ ದಾರಿ.

ಜೋಡಿಸೋ ಕ್ರಮ ಮುಖ್ಯ. ಗಿಟಾರ್, ರಿವರ್ಬ್, ಆಮೇಲೆ ಆಂಪ್ಲಿಫೈಯರ್. ಆಂಪ್ ಒಳಗೇ ಇರೋ ರಿವರ್ಬ್ ಸದ್ದಿನ ಹಿಂದೆ ಮೆತ್ತಗೆ ಕೂರತ್ತೆ, ಮುಂಚೆ ಜೋಡಿಸಿದ್ದು ಸದ್ದಿನ ಜೊತೆಗೇ ಚಿಮ್ಮತ್ತೆ. ಆಂಪ್ ಪೂರ್ತಿ ಕ್ಲೀನ್ ಇರಬೇಕು, ಕರಕರ ಅಂದ್ರೆ ರಿವರ್ಬ್ ಗೊಜ್ಜಾಗತ್ತೆ.

ವರ್ಸ್‌ಗೆ ಡ್ವೆಲ್ 6, ಮಿಕ್ಸರ್ 5, ಟೋನ್ 6ರಿಂದ ಶುರು ಮಾಡಿ. ಪಾಮ್ ಮ್ಯೂಟ್ ಮಾಡಿ ಒಂದೇ ಏಟು ಹೊಡೀರಿ, ತುಂಬಿದ ಬಾವಿಗೆ ಕಲ್ಲು ಬಿದ್ದ ಹಾಗೆ "ಪ್ಲಿಕ್" ಅಂತ ಕೇಳಿಸ್ಬೇಕು. ಇದಕ್ಕೆ ಡ್ರಿಪ್ ಅಂತಾರೆ, ಸರ್ಫ್ ನುಡಿಸೋರು ಹುಡುಕೋದು ಇದನ್ನೇ. ಕೇಳದಿದ್ರೆ ಮಿಕ್ಸರ್ ಏರಿಸಬೇಡಿ, ಡ್ವೆಲ್ ಏರಿಸಿ, ಪಿಕ್ ಏಟು ಇನ್ನೂ ಸ್ವಲ್ಪ ಬಿರುಸಾಗಿ ಹೊಡೀರಿ. ಕೋರಸ್‌ಗೆ ಬಂದಾಗ ಡ್ವೆಲ್ 4ಕ್ಕೆ ಇಳಿಸಿ. ಹಾಡೋ ಸ್ವರದ ಮೇಲೆ ನೀರು ಎರಚಿದ ಹಾಗಿದ್ರೆ ದನಿಯ ಮುಖ ಕಾಣಲ್ಲ. ಮಧ್ಯದಲ್ಲಿ ಗುಂಡಿ ತಿರುಗಿಸೋಕೆ ಆಗಲ್ಲ ಅಂದ್ರೆ ಎರಡು ಭಾಗ ಬೇರೆ ಬೇರೆ ರೆಕಾರ್ಡ್ ಮಾಡಿ.

ರಿವರ್ಬ್ ಎಲ್ಲದಕ್ಕೂ ಮದ್ದು ಅಂತ ಅಂದ್ಕೊಳ್ಳೋದೇ ಅತಿ ದೊಡ್ಡ ತಪ್ಪು. ಒಮ್ಮೆ ಪೂರ್ತಿ ಆಫ್ ಮಾಡಿ ಟ್ಯೂನ್ ನುಡಿಸಿ ನೋಡಿ. ಒಣಗಿದಾಗಲೂ ಅದು ಹಾಡ್ತಾ ಇದ್ರೆ ಸರಿ, ಇಲ್ಲದಿದ್ರೆ ಒಂದನೇ ಹಂತಕ್ಕೆ ವಾಪಸ್ ಹೋಗಿ.

8. ಜೋಡಣೆ

ಹಾಡಲ್ಲಾದ್ರೆ ಎರಡನೇ ಚರಣದಲ್ಲಿ ಸಾಹಿತ್ಯ ಬದಲಾಗತ್ತೆ, ಕತೆ ಮುಂದೆ ಹೋಗತ್ತೆ. ನಮಗೆ ಮಾತಿಲ್ಲ, ಹಾಗಾಗಿ ಸದ್ದೇ ಬದಲಾಗ್ಬೇಕು, ಒಂದೇ ಭಾಗ ಎರಡು ಸಲ ಒಂದೇ ಥರ ಬಂದ್ರೆ ಕೇಳೋರು ಎದ್ದು ಹೋಗ್ತಾರೆ.

ಈ ಕ್ರಮ ನೋಡಿ. ಬ್ಲೇನ್ ನಡೆಯ ಡ್ರಮ್ ಮಾತ್ರ 4 ಬಾರ್. ವರ್ಸ್ ಎರಡು ಸುತ್ತು, 16 ಬಾರ್. ಕೋರಸ್ ಎರಡು ಸಲ, 8 ಬಾರ್, ಇಲ್ಲಿ ಮೊದಲ ಸಲ ಉತ್ತರ ಬೇಡ, ಎರಡನೇ ಸಲ ಬರಲಿ, ಗೆಳತಿಯರು ಈಗ ಬಂದು ಸೇರಿದ ಹಾಗೆ. ವರ್ಸ್ ಒಂದೇ ಸುತ್ತು, 8 ಬಾರ್, ಈ ಸಲ ಒಂದು ಆಕ್ಟೇವ್ ಮೇಲೆ, ಅಂದ್ರೆ ತಾರ ಸ್ಥಾಯಿಯಲ್ಲಿ. ಮತ್ತೆ ಕೋರಸ್ 8. ಆಮೇಲೆ ಬ್ರಿಡ್ಜ್, ಅಂದ್ರೆ ಒಂದೇ ಸಲ ಬರೋ ಬೇರೆ ಭಾಗ, 8 ಬಾರ್, ಎಫ್ ಎರಡು, ಸಿ ಎರಡು, ಡಿ ಎರಡು, ಜಿ ಒಂದು, ಎ ಒಂದು. ಇಲ್ಲಿ ಡ್ರಮ್ ಬಹುಪಾಲು ನಿಲ್ಲಿಸಿ, ಟಾಂಬುರಿನ್ ಮಾತ್ರ ಇರಲಿ. ಶಾಂಗ್ರಿಲಾಸ್ ಹಾಡುಗಳಲ್ಲಿ ಸಂಗೀತ ತಗ್ಗಿ ಮಾತು ಶುರುವಾಗೋ ಜಾಗಗಳಿವೆ, ಆ ಎದೆ ಢವಢವ ಇಲ್ಲಿ ಬೇಕು.

ಕೊನೇ ಎ ಕಾರ್ಡ್ ಯಾಕೆ ಅಂದ್ರೆ ಅಲ್ಲಿಂದ ಡಿಗೆ ಏರೋಕೆ. ಕೊನೇ ಕೋರಸ್ 16 ಬಾರ್ ಒಂದು ಪೂರ್ತಿ ಸ್ವರ ಮೇಲೆ, ಕಾರ್ಡ್ ಡಿ, ಬಿ ಮೈನರ್, ಜಿ, ಎ. ಮೆಲೊಡಿ ಒಂದೇ ತಂತಿ ಮೇಲಿರೋದ್ರಿಂದ ಕೈಯನ್ನ ಎರಡು ಫ್ರೆಟ್ ಜರುಗಿಸಿದ್ರೆ ಆಯ್ತು, 7 7 5 7 10, 7, 8 8 7 8 12, 10. ಉತ್ತರವೂ ಹಾಗೇ ಎರಡು ಫ್ರೆಟ್ ಮೇಲೆ. ಈ ಏರಿಕೆ ಆದ ಮೊದಲ ಸ್ವರ ಕೇಳಿದಾಗ ಮೈ ಜುಮ್ ಅನ್ನದಿದ್ರೆ ಬ್ರಿಡ್ಜ್ ಸಾಕಷ್ಟು ತಗ್ಗಿಲ್ಲ ಅಂತ ಅರ್ಥ, ಅದನ್ನ ಇನ್ನೂ ಮೆಲ್ಲಗೆ ಮಾಡಿ. ಒಟ್ಟು 68 ಬಾರ್, 132ರ ವೇಗದಲ್ಲಿ ಎರಡು ನಿಮಿಷ ನಾಲ್ಕು ಸೆಕೆಂಡ್. ಇನ್ನೂ ಉದ್ದ ಮಾಡೋ ಆಸೆ ಬರತ್ತೆ, ಬೇಡ.

9. ರೆಕಾರ್ಡ್ ಮಾಡೋದು

ಗೋಲ್ಡ್ ಸ್ಟಾರಲ್ಲಿ ಬಿ ಮೈ ಬೇಬಿಯ ನಿರ್ಮಾಪಕ ಫಿಲ್ ಸ್ಪೆಕ್ಟರ್ ಮಾಡ್ತಿದ್ದಿದ್ದು ಹೀಗೆ, ಒಂದೇ ಕೋಣೆಯಲ್ಲಿ ಹಲವು ಗಿಟಾರ್, ಹಲವು ಪಿಯಾನೋ ಒಟ್ಟಿಗೆ ಒಂದೇ ಭಾಗ ನುಡಿಸೋದು, ಆ ಸದ್ದನ್ನ ಎಕೋ ಚೇಂಬರಿಗೆ, ಅಂದ್ರೆ ಸ್ಪೀಕರ್ ಮತ್ತು ಮೈಕ್ ಇಟ್ಟಿರೋ ಖಾಲಿ ಗಟ್ಟಿ ಗೋಡೆಯ ಕೋಣೆಗೆ ಕಳಿಸಿ ಅಲ್ಲಿಂದ ವಾಪಸ್ ರೆಕಾರ್ಡ್ ಮಾಡೋದು. ವಾಲ್ ಆಫ್ ಸೌಂಡ್ ಅಂತ ಕರೆದಿದ್ದು ಇದನ್ನೇ. ನಾವು ಮನೇಲಿ ಮಾಡಬಹುದಾದ ದಾರಿ, ಕಾರ್ಡ್ ಬಾರಿಸೋ ಗಿಟಾರನ್ನ ಮೂರು ಸಲ ಬೇರೆ ಬೇರೆಯಾಗಿ ರೆಕಾರ್ಡ್ ಮಾಡೋದು. ಒಂದನ್ನೇ ಕಾಪಿ ಪೇಸ್ಟ್ ಮಾಡಿದ್ರೆ ಆಗಲ್ಲ, ಸದ್ದು ಜೋರಾಗತ್ತೆ ಅಷ್ಟೇ, ಮೂರು ಸಲ ನುಡಿಸಿದಾಗ ಬರೋ ಕೂದಲೆಳೆ ವ್ಯತ್ಯಾಸವೇ ಆ ತುಂಬು ಸದ್ದು ಕೊಡೋದು. ಒಂದು ಸಲ ಅಕೂಸ್ಟಿಕ್ ಗಿಟಾರಲ್ಲಿ ನುಡಿಸಿ.

ಆದ್ರೆ ಮುಖ್ಯ ಮೆಲೊಡಿ ಗಿಟಾರ್ ಒಂದೇ ಇರಲಿ. ಅದನ್ನೂ ಮೂರು ಮಾಡಿದ್ರೆ ಹಾಡುಗಾರ್ತಿ ಗುಂಪಲ್ಲಿ ಕಳೆದುಹೋಗ್ತಾರೆ.

ಮಿಕ್ಸ್ ಮೋನೋದಲ್ಲಿ ಮಾಡಿ, ಅಂದ್ರೆ ಎಡ ಬಲ ಅಂತಿಲ್ಲದೆ ಎಲ್ಲ ಮಧ್ಯದಲ್ಲಿ. ಆ ಹಾಡುಗಳೆಲ್ಲ ಕಾರ್ ರೇಡಿಯೋದ ಒಂದೇ ಸಣ್ಣ ಸ್ಪೀಕರಲ್ಲಿ ಕೇಳೋಕೆ ಅಂತ ಮಾಡಿದವು. ಮುಗಿದ ಮೇಲೆ ಹೆಡ್‌ಫೋನ್ ತೆಗೆದಿಟ್ಟು, ಫೋನ್ ಸ್ಪೀಕರಲ್ಲಿ ಹಾಕಿ ಪಕ್ಕದ ರೂಮಿಗೆ ಹೋಗಿ ಕೇಳಿ. ಅಲ್ಲಿಗೆ ನಾಲ್ಕನೇ ಎಣಿಕೆಯ ಸ್ನೇರ್ ಮತ್ತೆ ಮೆಲೊಡಿ, ಇವೆರಡು ಕೇಳಿಸ್ಬೇಕು. ಮೆಲೊಡಿ ಕೇಳದಿದ್ರೆ ಅದರ ಸದ್ದು ಏರಿಸೋ ಮೊದಲು ಕಾರ್ಡ್ ಗಿಟಾರ್‌ಗಳ ರಿವರ್ಬ್ ಇಳಿಸಿ ನೋಡಿ, ಹೆಚ್ಚು ಸಲ ದಾರಿಗೆ ಅಡ್ಡ ನಿಂತಿರೋದು ಅದೇ.

ಟ್ಯೂನನ್ನ ಆನ್‌ಲೈನಲ್ಲಿ ಹಾಕೋ ಮುಂಚೆ ಒಂದು ಮಾತು, ನಿಮ್ಮ ಸ್ವಂತ ಟ್ಯೂನ್ ಬದಲು ಯಾವುದಾದ್ರೂ ಹಳೇ ಹಾಡನ್ನೇ ಗಿಟಾರಲ್ಲಿ ನುಡಿಸಿದ್ರೆ, ಸಾಹಿತ್ಯ ಇಲ್ಲ ಅನ್ನೋ ಕಾರಣಕ್ಕೆ ಹಕ್ಕಿನ ಪ್ರಶ್ನೆ ತಪ್ಪಲ್ಲ. ಮೆಲೊಡಿಗೂ ಕಾಪಿರೈಟ್ ಇರತ್ತೆ, ಮನೇಲಿ ಅಭ್ಯಾಸಕ್ಕೆ ಎಷ್ಟು ಬೇಕಾದ್ರೂ ನುಡಿಸಿ, ಬಿಡುಗಡೆ ಮಾಡೋದಾದ್ರೆ ಲೈಸೆನ್ಸ್ ತಗೊಳ್ಳಿ. ಮೇಲೆ ಕೊಟ್ಟ ನಾಲ್ಕು ಬಾರಿನ ಮೆಲೊಡಿ ಈ ಲೇಖನಕ್ಕಂತಲೇ ಮಾಡಿದ್ದು, ಅದನ್ನ ಹೇಗೆ ಬೇಕಾದ್ರೂ ಮುರಿದು ಕಟ್ಟಿ ನಿಮ್ಮದು ಮಾಡ್ಕೊಳ್ಳಿ.